ಏಳನೇ ನಂಬರಿನ ಗಲಾಟೆ

ಎರಡು ಹೊದಿಕೆ ಒಣಹಾಕಿ ಆಗಿತ್ತು. ಮೂರನೆಯದನ್ನು ಹಿಂಡಿ, ಕೊಡವಿ, ತಂತಿಯ ಮೇಲೆ ಎಸೆದು ಅವಳು ಅಂಚು ಸಮ ಮಾಡುತ್ತಿದ್ದಳು. ಅಷ್ಟರಲ್ಲಿ ಮೆಟ್ಟಿಲ ಕಡೆಯಿಂದ ಯಾರೋ ದಡದಡ ಓಡಿಬಂದ ಸದ್ದು.

"ಅಯ್ಯೋ! ತೆಗೀರಿ, ತೆಗೀರಿ! ದಯವಿಟ್ಟು ತೆಗೀರಿ!"

ಅವಳ ಕೈಯಲ್ಲಿದ್ದ ಕ್ಲಿಪ್ಪು ಕೆಳಗೆ ಬಿತ್ತು. ಎದುರಿಗೆ ಮೇಲಿನ ಮನೆಯ ಹೊಸ ಬಾಡಿಗೆದಾರ. ಕತ್ತಿಗೆ ಹೆಡ್‌ಫೋನು, ಕಾಲಿಗೆ ಒಂದೇ ಚಪ್ಪಲಿ.

"ಏನ್ರೀ ತೆಗೀಬೇಕು?"

"ಬೆಡ್‌ಶೀಟು! ಅದು ಬಟ್ಟೆ ಒಣಹಾಕೋ ತಂತಿ ಅಲ್ಲ!"

"ತಾರಸಿ ಮೇಲೆ, ಎರಡು ಕಂಬದ ಮಧ್ಯೆ, ಎದೆಯೆತ್ತರಕ್ಕೆ ತಂತಿ ಕಟ್ಟಿ ಬಟ್ಟೆ ತಂತಿ ಅಲ್ಲ ಅಂದ್ರೆ... ಇನ್ನೇನು ಪಿಟೀಲಾ?"

"ಆಂಟೆನಾ! ನನ್ನ ರೇಡಿಯೋದ ಆಂಟೆನಾ! ನಾಳೆ ಮೇಲಕ್ಕೆ ಏರಿಸೋಣ ಅಂತ..."

ಅವನ ಮಾತು ಮುಗಿಯುವ ಮೊದಲೇ 'ಟಣ್' ಎಂದಿತು.

ತಂತಿ ತುಂಡಾಯಿತು! ದಿನವಿಡೀ ಅಂಗಡಿಯಲ್ಲಿ ದುಡಿದು, ಸಂಜೆ ಸೊಂಟ ಹಿಡಿದುಕೊಂಡು ಒಗೆದಿದ್ದ ಮೂರು ಹೊದಿಕೆಗಳೂ ತಾರಸಿಯ ಧೂಳಿನಲ್ಲಿ ಮಕಾಡೆ ಮಲಗಿದವು.

ಅವನು ನೋಡುತ್ತಿದ್ದದ್ದು ತಂತಿಯನ್ನು. ಅವಳು ನೋಡುತ್ತಿದ್ದದ್ದು ಹೊದಿಕೆಗಳನ್ನು.

"ಇನ್ನು ಹದಿನೆಂಟು ನಿಮಿಷ ಇತ್ತು..." ಅವನು ತನಗೇ ಹೇಳಿಕೊಂಡ. ದನಿ ಒಡೆದಿತ್ತು.

ಯಾವ ಹದಿನೆಂಟು ನಿಮಿಷ? ಅವಳಿಗೆ ಅರ್ಥವಾಗಲಿಲ್ಲ. ಆದರೆ ಗಂಡಸೊಬ್ಬ ಒಂದು ತಂತಿಗಾಗಿ ಹೀಗೆ ಮುಖ ಬಾಡಿಸಿಕೊಂಡದ್ದನ್ನು ಅವಳು ಕಂಡಿರಲಿಲ್ಲ. ಬಯ್ಯಲು ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು.

"ಆ ತುದಿ ಹಿಡೀರಿ," ಎಂದಳು ಹೊದಿಕೆಯ ಒಂದು ಅಂಚನ್ನೆತ್ತಿ. "ಮತ್ತೆ ಒಗೀಬೇಕು. ನೀರು ನೀವು ಹೊರ್ತೀರಿ."

ಅವನು ಹೊತ್ತ. ಆರು ಬಕೆಟ್ಟು. ಒಂದೇ ಚಪ್ಪಲಿಯಲ್ಲಿ!

* * *

ಅವಳ ಅಂಗಡಿ ಎಂದರೆ ಕೆಳಮನೆಯ ಮುಂದಿನ ಕೋಣೆ. ಕಿಟಕಿಯ ಪಕ್ಕ ಮೋಟರಿನ ಹೊಲಿಗೆ ಯಂತ್ರ, ಗೋಡೆಯುದ್ದಕ್ಕೂ ಕತ್ತರಿಸಿಟ್ಟ ಶಾಲೆಯ ಸಮವಸ್ತ್ರಗಳ ಕಟ್ಟು, ಮೂಲೆಯಲ್ಲಿ ದೊಡ್ಡಮ್ಮನ ಆರಾಮ ಕುರ್ಚಿ. ಬೀದಿಯವರಿಗೆಲ್ಲ ಅವಳು 'ಟೈಲರಮ್ಮ'. ವಯಸ್ಸು ಮೂವತ್ತೈದು ದಾಟಿದ್ದರೂ ದೊಡ್ಡಮ್ಮನಿಗೆ ಇನ್ನೂ 'ಕೂಸು'.

ಆರು ವರ್ಷಗಳ ಹಿಂದೆ ಅವಳು ಗಂಡನ ಮನೆ ಬಿಟ್ಟು ಇಲ್ಲಿಗೆ ಬಂದಿದ್ದಳು. ಅವನು ಹೊಡೆಯುವವನಲ್ಲ, ಕುಡಿಯುವವನೂ ಅಲ್ಲ. ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದ, ಅಷ್ಟೇ. ಇವಳು ಎಷ್ಟು ಗಂಟೆಗೆ ಹೊರಗೆ ಹೋದಳು, ಎಷ್ಟು ಗಂಟೆಗೆ ಬಂದಳು, ಕಿಟಕಿಯ ಬಳಿ ಎಷ್ಟು ಹೊತ್ತು ನಿಂತಿದ್ದಳು... ಬೆಳಿಗ್ಗೆ ಎದ್ದರೆ ಆ ಬಿಳಿ ಗೆರೆಗಳು. ರಾತ್ರಿ ಮಲಗುವಾಗ ಅದರ ವಿಚಾರಣೆ.

ಆ ಬಾಗಿಲನ್ನು ಒಂದು ದಿನ ಒದ್ದೆ ಬಟ್ಟೆಯಿಂದ ಚೆನ್ನಾಗಿ ಒರೆಸಿ, ಅದೇ ಬಾಗಿಲಿನಿಂದ ಹೊರಗೆ ಬಂದವಳು ಅವಳು.

ಹೊದಿಕೆ ಬಿದ್ದ ಮೂರನೇ ದಿನ ಮೇಲಿನ ಮನೆಯವನು ಅಂಗಡಿಯ ಬಾಗಿಲಲ್ಲಿ ನಿಂತ. ಕೈಯಲ್ಲೊಂದು ಪುಟ್ಟ ಬ್ಯಾಟರಿ ರೇಡಿಯೋ.

"ಬನ್ನಿ ತಂತಿ ಸಾಹೇಬ್ರೇ," ಎಂದರು ದೊಡ್ಡಮ್ಮ ಕುರ್ಚಿಯಿಂದಲೇ. "ಇವತ್ತು ಎರಡೂ ಚಪ್ಪಲಿ ಹಾಕ್ಕೊಂಡು ಬಂದಿದೀರಿ, ಸಂತೋಷ."

ಅವನು ನಕ್ಕ. ಕಿವಿಯ ತುದಿ ಕೆಂಪಾಯಿತು. ಬೀದಿಯ ಕೊನೆಯ ಕನ್ನಡಕದ ಅಂಗಡಿಗೆ ಮನೆಯಲ್ಲೇ ಕೂತು ಗಾಜು ಅರೆದು ಚೌಕಟ್ಟಿಗೆ ಕೂರಿಸುವ ಕೆಲಸ ಅವನದು. ಮಾತು ಕಡಿಮೆ, ಕೈ ಬಲು ನಿಧಾನ.

"ಒಂದು ಸಣ್ಣ ವಿಷಯ... ನೀವು ಬೇಜಾರು ಮಾಡ್ಕೋಬಾರದು. ಸ್ವಲ್ಪ ಮಿಷನ್ ತುಳೀತೀರಾ?"

ಅವಳು ಪೆಡಲಿನ ಮೇಲೆ ಕಾಲಿಟ್ಟಳು. ಯಂತ್ರ ಓಡಿತು. ಅವನ ಕೈಯ ರೇಡಿಯೋ 'ಗರ್ರ್ರ್' ಎಂದು ಅರಚಿತು! ಕಾಲು ತೆಗೆದಳು. ರೇಡಿಯೋ ಸುಮ್ಮನಾಯಿತು. ಮತ್ತೆ ತುಳಿದಳು. ಗರ್ರ್ರ್!

"ಅಯ್ಯೋ... ಇದು ನಾನಾ?"

"ನೀವಲ್ಲ, ನಿಮ್ಮ ಮೋಟರು. ಒಳಗೆ ಕಿಡಿ ಹಾರುತ್ತೆ. ನಮ್ಮ ಕಣ್ಣಿಗೆ ಕಾಣಲ್ಲ, ನನ್ನ ರೇಡಿಯೋಗೆ ಗುಡುಗಿದ ಹಾಗೆ ಕೇಳಿಸುತ್ತೆ." ಅವನು ಜೇಬಿಗೆ ಕೈ ಹಾಕಿದ. "ಅದಕ್ಕೇ ನಿಮಗೆ ಒಂದು ಉಂಗುರ ತಂದಿದೀನಿ."

ಅವಳ ಕಾಲು ಪೆಡಲಿನಿಂದ ಜಾರಿತು!

ದೊಡ್ಡಮ್ಮ ನೆಟ್ಟಗೆ ಕೂತರು. "ಎರಡನೇ ಭೇಟಿಗೇ?"

"ಅಲ್ಲ! ಅಲ್ಲಲ್ಲ... ವೈರಿಗೆ! ಮಿಷನ್ನಿನ ವೈರಿಗೆ ಹಾಕೋ ಉಂಗುರ!"

ಅವನ ಅಂಗೈಯಲ್ಲಿದ್ದದ್ದು ಪುಟ್ಟ ಬಳೆಯಂಥ ದಪ್ಪನೆಯ ಕಪ್ಪು ಉಂಗುರ, ಜೊತೆಗೆ ಗಲಾಟೆ ಹೀರಿಕೊಳ್ಳುವ, ಬಟಾಣಿ ಗಾತ್ರದ ಕೆಪಾಸಿಟರು. ಅವಳಿಗೆ ನಗು ತಡೆಯಲಾಗಲಿಲ್ಲ. ಎಷ್ಟೋ ತಿಂಗಳ ಮೇಲೆ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವನು ಮಾತ್ರ ಆ ನಗುವನ್ನು ನೋಡುತ್ತಾ, ಹೇಳಬೇಕಾದ ಮುಂದಿನ ಮಾತನ್ನು ಪೂರ್ತಿ ಮರೆತುಬಿಟ್ಟ.

"ಹಾಕೋ ಮೊದಲು ಒಂದ್ಸಲ ಮೇಲೆ ಬಂದು ನೋಡ್ತೀರಾ?" ಎಂದ ಕೊನೆಗೆ. "ನಿಮ್ಮ ಮಿಷನ್ ನನ್ನ ಪರದೆ ಮೇಲೆ ಹೇಗೆ ಕಾಣುತ್ತೆ ಅಂತ."

"ನೀನು ಹೋಗೇ ಕೂಸೇ," ಎಂದರು ದೊಡ್ಡಮ್ಮ ಯಂತ್ರದ ಮುಂದೆ ಕೂರುತ್ತಾ. "ನಾನು ತುಳೀತೀನಿ. ಬಾಗಿಲು ತೆಗ್ದೇ ಇರ್ಲಿ."

* * *

ಅವನ ಕೋಣೆಯಲ್ಲಿ ರೇಡಿಯೋವೇ ಇರಲಿಲ್ಲ!

ಒಂದು ಮೇಜು, ಒಂದು ಹಳೆಯ ಲ್ಯಾಪ್‌ಟಾಪು, ಅದಕ್ಕೆ ಸಿಕ್ಕಿಸಿದ ಬೆರಳುದ್ದದ ಕಡ್ಡಿ. ತುಂಡಾದ ತಂತಿಯಲ್ಲಿ ಉಳಿದ ಚೂರೊಂದು ಸದ್ಯಕ್ಕೆ ಕಿಟಕಿಯಿಂದ ಇಳಿದುಬಂದು ಆ ಕಡ್ಡಿಗೆ ಸೇರಿತ್ತು.

"ರೇಡಿಯೋ ಎಲ್ಲಿ?"

"ಇದೇ. ಮೊದಲೆಲ್ಲ ದೊಡ್ಡ ಪೆಟ್ಟಿಗೆ, ಒಳಗೆ ಸುರುಳಿ, ಮುಳ್ಳು, ತಿರುಗಿಸೋ ಗುಂಡಿ. ಈಗ ಈ ಕಡ್ಡಿ ಗಾಳೀಲಿ ಇರೋದನ್ನೆಲ್ಲ ಬಾಚಿ ಒಳಗೆ ಹಾಕುತ್ತೆ. ಬೇಕಾದ್ದು, ಬೇಡದ್ದು ಆರಿಸೋದೆಲ್ಲ ಸಾಫ್ಟ್‌ವೇರ್ ಕೆಲಸ."

ಪರದೆಯ ಮೇಲೆ ಕಡುನೀಲಿ ಬಣ್ಣ ಮೇಲಿನಿಂದ ಕೆಳಗೆ ಸದ್ದಿಲ್ಲದೆ ಸುರಿಯುತ್ತಿತ್ತು, ಜಲಪಾತದಂತೆ. ನಡುನಡುವೆ ಸಣ್ಣ ಹಳದಿ ಎಳೆಗಳು. ಒಂದೊಂದು ಎಳೆಯೂ ಎಲ್ಲೋ ಮಾತಾಡುತ್ತಿರುವ ಒಂದೊಂದು ನಿಲಯವಂತೆ.

ಕೆಳಗೆ ದೊಡ್ಡಮ್ಮ ಪೆಡಲು ತುಳಿದರು.

ನೀಲಿ ಪರದೆಗೆ ಅಡ್ಡಲಾಗಿ ಹಳದಿ ಪಟ್ಟಿಯೊಂದು ಬಿತ್ತು. ಬಿಟ್ಟರು. ಮತ್ತೆ ತುಳಿದರು. ಇನ್ನೊಂದು ಪಟ್ಟಿ. ಬಟ್ಟೆಯ ಮೇಲೆ ಹಾಕಿದ ದೊಡ್ಡ ಹೊಲಿಗೆಯ ಹಾಗೇ!

"ಅಯ್ಯೋ ದೇವರೇ... ನನ್ನ ಹೊಲಿಗೆ ಇಲ್ಲೂ ಬೀಳುತ್ತಾ!" ಅವಳು ಪರದೆಗೆ ಮೂಗು ತಾಗುವಷ್ಟು ಬಾಗಿದಳು.

"ದೊಡ್ಡಮ್ಮ ಒಂದೇ ಸಮ ತುಳೀತಾರೆ," ಎಂದ ಅವನು ಮೆಲ್ಲಗೆ. "ನೀವು ಹಾಗಲ್ಲ. ಉದ್ದಕ್ಕೆ ಓಡಿಸಿ, ಕೊನೇಲಿ ಎರಡು ಸಲ ಚಿಕ್ಕದಾಗಿ..."

"ಅದು ಗಂಟು. ದಾರ ಬಿಚ್ಚಿ ಹೋಗದೆ ಇರ್ಲಿ ಅಂತ ಹಿಂದೆ ಮುಂದೆ ಎರಡು ಹೊಲಿಗೆ." ತನ್ನ ಕೈಯ ಅಭ್ಯಾಸವನ್ನು ಯಾರೋ ಗಮನಿಸಿದ್ದಾರೆ ಎನ್ನುವುದೇ ಅವಳಿಗೆ ಹೊಸದು. ಅದು ಹಿತವೋ, ಭಯವೋ... ಆಗ ತಿಳಿಯಲಿಲ್ಲ.

ಅವಳ ಕಣ್ಣು ಗೋಡೆಗೆ ಹೋಯಿತು. ಗಾಜಿನ ಚೌಕಟ್ಟಿನೊಳಗೆ ಮಾಸಿದ ಒಂದು ಹಾಳೆ. ದುಂಡನೆಯ ಎಳೆ ಅಕ್ಷರ.

'ಮಾನ್ಯರೇ, ನಾವು ನಿಮ್ಮ ಕಾರ್ಯಕ್ರಮ ಕೇಳಿದೆವು. ಕೇಳಿದವರು: ನಾನು ಮತ್ತು ನನ್ನ ತಾಯಿ. ನಿಮ್ಮ ಭಾಷೆ ನಮಗೆ ತಿಳಿಯುವುದಿಲ್ಲ. ಆದರೂ ದಿನಾ ಸಂಜೆ ಆರಕ್ಕೆ ಕೇಳುತ್ತೇವೆ. ಮಾತಾಡುವ ಅಕ್ಕನಿಗೆ ಶೀತವಾದ ದಿನ ನಮಗೆ ಗೊತ್ತಾಗುತ್ತದೆ. ಕೊನೆಯಲ್ಲಿ ನುಡಿಸುವ ವಾದ್ಯ:'

ಅಲ್ಲಿಂದ ಮುಂದೆ ಖಾಲಿ.

"ನಂಗಾಗ ಹತ್ತು ವರ್ಷ," ಎಂದ ಅವನು. "ದೂರದ ನಿಲಯ ಕೇಳಿದವರು ಹೀಗೆ ವರದಿ ಬರೆದು ಕಳಿಸ್ತಾರೆ. ಯಾವಾಗ ಕೇಳಿದ್ವಿ, ಏನು ಕೇಳಿದ್ವಿ, ಎಷ್ಟು ಸ್ಪಷ್ಟ... ಅವರು 'ಹೌದು, ಅದು ನಾವೇ' ಅಂತ ಒಂದು ಕಾರ್ಡು ಕಳಿಸ್ತಾರೆ. ಅಮ್ಮನಿಗೆ ಆ ಕಾರ್ಡಿನ ಆಸೆ. ಆದ್ರೆ ಕೊನೆಗೆ ಒಂದು ವಾದ್ಯ ಬರ್ತಿತ್ತು. ಅಷ್ಟು ಹೊತ್ತಿಗೆ ಸರಿಯಾಗಿ ಪಕ್ಕದ ಹಿಟ್ಟಿನ ಗಿರಣಿ ಶುರು. ಗರಗರ. ಕೊಳಲಿನ ಹಾಗಿತ್ತು. ನಾನು 'ಕೊಳಲು ಅಂತ ಬರೀತೀನಮ್ಮ' ಅಂದೆ. 'ಸರಿಯಾಗಿ ಕೇಳದೇ ಇದ್ದದ್ದನ್ನ ಕೇಳಿದೆ ಅಂತ ಬರೀಬಾರದು. ನಾಳೆ ನೋಡೋಣ' ಅಂದ್ಲು."

"ಆಮೇಲೆ?"

"ನಾಳೆ, ನಾಳೆ ಅಂತಾನೇ... ಅವಳೇ ಹೋಗ್ಬಿಟ್ಲು."

ಅವಳು ಚೌಕಟ್ಟಿನ ಧೂಳನ್ನು ಸೆರಗಿನಿಂದ ಒರೆಸಿದಳು.

"ಈ ತಿಂಗಳ ಕೊನೇ ದಿನ ಆ ನಿಲಯ ಮುಚ್ಚುತ್ತೆ. ಮುಚ್ಚಿದ ಮೇಲೂ ಒಂದು ತಿಂಗಳು ಬರೋ ಪತ್ರಗಳಿಗೆ ಉತ್ತರ ಕೊಡ್ತಾರಂತೆ. ಮುಚ್ಚೋದರೊಳಗೆ ಒಂದೇ ಒಂದು ಸಂಜೆ, ಆರೂವರೆಗೆ, ಆ ಕೊನೇ ಅರ್ಧ ನಿಮಿಷ ನನ್ನ ಕಿವಿಗೆ ಶುದ್ಧವಾಗಿ ಬಿದ್ರೆ ಸಾಕು. ಪತ್ರ ಮುಗಿಯುತ್ತೆ."

ಹೊದಿಕೆ ಬಿದ್ದ ಸಂಜೆಯ ಹದಿನೆಂಟು ನಿಮಿಷ ಯಾವುದೆಂದು ಅವಳಿಗೆ ಈಗ ತಿಳಿಯಿತು.

"ಉಂಗುರ ಹಾಕಿ," ಎಂದಳು. "ಇವತ್ತೇ ಹಾಕಿ."

* * *

ಆಮೇಲಿನ ದಿನಗಳು ಅವಳಿಗೇ ತಿಳಿಯದಂತೆ ಹಗುರಾದವು.

ತುಂಡಾದ ತಂತಿಯ ಬದಲು ಹೊಸ ತಂತಿ ಬಂತು. ಉದ್ದ ಅಳೆಯಲು ಅವಳ ಟೇಪು. ಗೋಡೆಯ ವಿದ್ಯುತ್ ವೈರುಗಳಿಂದ ದೂರ, ನೀರಿನ ಟ್ಯಾಂಕಿನ ಆಚೆಗೆ ಇಬ್ಬರೂ ಸೇರಿ ಎತ್ತರಕ್ಕೆ ಕಟ್ಟಿದರು. ತಲೆ ತಾಗದಿರಲಿ ಎಂದು ಅವಳು ಅಲ್ಲಲ್ಲಿ ಕೆಂಪು ಬಟ್ಟೆಯ ಚೂರು ಹೊಲಿದಳು.

"ಈ ಗೀಟು ಪೂರ್ತಿ ಮೇಲಕ್ಕೆ ಎಳೀರಿ, ಜೋರಾಗಿ ಕೇಳಿಸ್ಲಿ," ಎಂದಳು ಒಂದು ಸಂಜೆ, ಪರದೆಯಂಚಿನ ದನಿ ಏರಿಸುವ ಗೀಟನ್ನು ತೋರಿಸುತ್ತಾ.

"ಎಳೆದು ನೋಡಿ."

ಎಳೆದಳು. ಪರದೆಯೆಲ್ಲ ಹಳದಿ ರಾಡಿ!

"ಜೋರು ಮಾಡಿದ್ರೆ ಬೇಡದ್ದೂ ಜೋರಾಗುತ್ತೆ," ಅವನು ಗೀಟನ್ನು ಕೆಳಗೆ ತಂದ. ರಾಡಿ ಇಳಿದು, ಒಂದು ತೆಳ್ಳನೆಯ ಎಳೆ ಎದ್ದು ನಿಂತಿತು. "ಸಣ್ಣ ದನಿ ಕೇಳ್ಬೇಕು ಅಂದ್ರೆ ನಾವು ಸ್ವಲ್ಪ ತಗ್ಗಬೇಕು."

ಎಷ್ಟು ಮೆಲ್ಲಗೆ ಮಾತಾಡ್ತಾನೆ ಈ ಮನುಷ್ಯ... ಎಂದುಕೊಂಡಳು. ತನ್ನ ಎದೆಬಡಿತ ಪರದೆಯ ಮೇಲೆ ಕಾಣುವುದಿಲ್ಲ ತಾನೇ!

ಉಂಗುರ ಹಾಕಿದ ಮೇಲೆ ಅವಳ ಯಂತ್ರದ ಗಲಾಟೆ ಪೂರ್ತಿ ನಿಂತಿತು. ಆದರೂ ನಿಲಯದ ದನಿ ಸ್ಪಷ್ಟವಾಗಲಿಲ್ಲ. ಆ ಗಲಾಟೆಯ ಕೆಳಗೆ ಇನ್ನೊಂದು ಅಡಗಿತ್ತು. ಆ ನಿಲಯದ ಜಾಗದಲ್ಲೇ ಬೇಲಿಯಂಥ ಗೆರೆಗಳು, ಒಂದೇ ಸಮನೆ ಜುಂಯ್ ಎನ್ನುವ ಮೊರೆತ. ಅವನು ಅದರ ಬೆನ್ನು ಹತ್ತಿ ಪುಟ್ಟ ರೇಡಿಯೋ ಹಿಡಿದು ಬೀದಿಯೆಲ್ಲ ಅಲೆದ. ಎದುರು ಮನೆಯ ಪಂಪು, ಬೇಕರಿಯ ಫ್ರಿಜ್ಜು, ಬೀದಿ ದೀಪ... ಯಾವುದೂ ಅಲ್ಲ.

"ಆ ತಂತಿ ಸಾಹೇಬ ನಮ್ಮ ಚರಂಡಿಗೂ ರೇಡಿಯೋ ಹಿಡಿದು ನಿಂತಿದ್ನಲ್ಲೇ," ಎಂದರು ದೊಡ್ಡಮ್ಮ. "ಕಪ್ಪೆ ಏನಾದ್ರೂ ವಾರ್ತೆ ಓದ್ತಿತ್ತಾ?"

ತಿಂಗಳು ಮುಗಿಯಲು ಮೂರು ದಿನ ಉಳಿದಿತ್ತು. ದೊಡ್ಡಮ್ಮನ ಕನ್ನಡಕದ ಕಾಲು ಸಡಿಲವಾಗಿತ್ತೆಂದು ಅವಳು ಅದನ್ನು ಹಿಡಿದು ಮೇಲೆ ಹೋದಳು. ಬಾಗಿಲು ತೆರೆದಿತ್ತು. ಅವನು ಒಳಕೋಣೆಯಲ್ಲಿದ್ದ. ಮೇಜಿನ ಮೇಲೊಂದು ನೋಟುಪುಸ್ತಕ ಬಿಚ್ಚಿಕೊಂಡು ಬಿದ್ದಿತ್ತು. ಗಾಳಿಗೆ ಹಾಳೆ ಮಗುಚಿತು.

'ಬೆಳಿಗ್ಗೆ 9.10 – ಶುರು. 9.40 – ನಿಂತಿತು. ಹನ್ನೊಂದು ನಿಮಿಷ ಇಲ್ಲ. ಮಧ್ಯಾಹ್ನ 1.05 – ನಿಂತಿತು. 2.20 – ಶುರು, ಇವತ್ತು ತಡ. ಭಾನುವಾರ – ಇಡೀ ದಿನ ಇಲ್ಲ. ಹೊರಗೆ ಹೋಗಿರಬೇಕು. ಸೋಮವಾರ – ಮೂರು ಸಲ ನಡುವೆ ನಿಂತಿತು. ಏನಾಯಿತೋ?'



9.10ಕ್ಕೆ ಅಂಗಡಿ ತೆರೆಯುವವಳು ಅವಳು. 1.05ಕ್ಕೆ ಊಟಕ್ಕೆ ಏಳುವವಳು ಅವಳು. ಭಾನುವಾರ ದೊಡ್ಡಮ್ಮನನ್ನು ಕರೆದುಕೊಂಡು ಹೊರಗೆ ಹೋದವಳೂ ಅವಳೇ!

ಬಾಗಿಲ ಹಿಂದಿನ ಬಿಳಿ ಗೆರೆಗಳು... ಮತ್ತೆ...

"ನೀವು ಬಂದಿದ್ದು ಗೊತ್ತೇ ಆಗ್ಲಿಲ್ಲ," ಅವನು ನಗುತ್ತಾ ಹೊರಗೆ ಬಂದ. ಅವಳ ಮುಖ ಕಂಡು ನಗು ನಿಂತಿತು.

"ಏನಿದು?"

"ಅದು... ಗಲಾಟೆಯ ಟಿಪ್ಪಣಿ. ಯಾವ ಹೊತ್ತಲ್ಲಿ..."

"ನಾನು ಕೂತಿದ್ದು, ಎದ್ದಿದ್ದು, ಹೊರಗೆ ಹೋಗಿದ್ದು! ಅದರ ಟಿಪ್ಪಣಿ!"

"ಮೊದಲು ಹಾಗಲ್ಲ... ದಯವಿಟ್ಟು ಮುಂಚಿನ ಹಾಳೆ ನೋಡಿ..."

"ನೋಡಿದೀನಿ! ನಾಲ್ಕು ವರ್ಷ ನೋಡಿದೀನಿ!" ಅವಳು ಪುಸ್ತಕವನ್ನು ಅವನತ್ತ ನೂಕಿದಳು. "ನನ್ನ ಗಂಡ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೀತಿದ್ದ. ನೀವು ಪೆನ್ನಲ್ಲಿ ಬರೆದ್ರಿ. ಅಷ್ಟೇ ವ್ಯತ್ಯಾಸ!"

ಅವಳಿಗೆ ಗಂಡನಿದ್ದನೆಂದು ಅವನಿಗೆ ಗೊತ್ತಿತ್ತು. ಬಾಗಿಲಿನ ಕತೆ ಗೊತ್ತಿರಲಿಲ್ಲ.

ಕನ್ನಡಕವನ್ನು ಮೇಜಿನ ಮೇಲಿಟ್ಟು ಅವಳು ಮೆಟ್ಟಿಲಿಳಿದಳು. ಕಾಲು ಎಲ್ಲಿ ಬೀಳುತ್ತಿದೆ ಎನ್ನುವುದೇ ಕಾಣಲಿಲ್ಲ.

* * *

ಎರಡು ದಿನ ಅವಳು ಯಂತ್ರ ಮುಟ್ಟಲಿಲ್ಲ. ಎಲ್ಲ ಕೈಹೊಲಿಗೆ.

"ನಲವತ್ತು ಚಡ್ಡಿ ಕೈಯಲ್ಲೇ ಹೊಲೀತೀಯಾ?" ಎಂದರು ದೊಡ್ಡಮ್ಮ. "ಆ ಮಕ್ಕಳು ದೊಡ್ಡವರಾಗಿ ಮದುವೆ ಆಗೋ ಹೊತ್ತಿಗೆ ಕೊಡ್ಬಹುದು ಬಿಡು."

ಅವಳು ನಗಲಿಲ್ಲ.

ತಿಂಗಳ ಕೊನೆಯ ದಿನ ಬೆಳಿಗ್ಗೆ ಬಾಗಿಲು ತೆರೆದರೆ ಹೊಸ್ತಿಲ ಮೇಲೊಂದು ಪೊಟ್ಟಣ. ಒಳಗೆ ರಿಪೇರಿಯಾದ ಕನ್ನಡಕ, ಆ ನೋಟುಪುಸ್ತಕ, ಒಂದು ಚೀಟಿ.

'ಇದು ನಿಮ್ಮದು. ನನ್ನ ಹತ್ತಿರ ಬೇರೆ ಪ್ರತಿ ಇಲ್ಲ. ಸುಟ್ಟರೂ ಸರಿ. ನಿಮಗೆ ನೋವಾಯಿತು. ತಪ್ಪು ನನ್ನದು.'

ಇಡೀ ದಿನ ಪುಸ್ತಕ ಕತ್ತರಿಯ ಪಕ್ಕದಲ್ಲೇ ಬಿದ್ದಿತ್ತು. ಅವಳು ಅತ್ತ ನೋಡಲಿಲ್ಲ. ನೋಡದೆ ಇರಲೂ ಆಗಲಿಲ್ಲ.

"ಸುಡೋದಾದ್ರೆ ಸುಡು, ಓದೋದಾದ್ರೆ ಓದು," ಎಂದರು ದೊಡ್ಡಮ್ಮ. "ಹೀಗೆ ಎದುರಿಗಿಟ್ಕೊಂಡು ಮುಖ ಊದಿಸ್ಕೊಂಡು ಕೂತ್ರೆ ನಂಗೆ ಟೀ ಯಾರು ಮಾಡೋರು?"

ಸಂಜೆ ಐದಕ್ಕೆ ಅವಳು ಮೊದಲ ಹಾಳೆ ತೆರೆದಳು.

'ಗಲಾಟೆ ನಂ. 1 – ಎದುರು ಮನೆಯ ನೀರಿನ ಪಂಪು. ಬೆಳಿಗ್ಗೆ 6ರಿಂದ 6.20.' 'ನಂ. 2 – ಬೀದಿ ದೀಪ.' 'ನಂ. 4 – ಬೇಕರಿ. ಬಾಗಿಲು ತೆಗೆದಾಗಲೆಲ್ಲ.' ಪ್ರತಿಯೊಂದಕ್ಕೂ ಗಂಟೆ, ನಿಮಿಷ.

'ನಂ. 7 – ಅಪರಿಚಿತ. ಬಹಳ ಜೋರು. ಯಾವ ಪಾಪಿಯೋ ಗೊತ್ತಿಲ್ಲ.'

ಬೇಡವೆಂದರೂ ತುಟಿಯಂಚಿನಲ್ಲಿ ನಗು ಬಂತು.

ಹಾಳೆ ಮಗುಚಿದಳು. 'ನಂ. 7 – ಕೆಳಮನೆಯ ಹೊಲಿಗೆ ಯಂತ್ರ. ಉಂಗುರ ಕೊಡಬೇಕು.' ಆಮೇಲೆ, 'ಉಂಗುರ ಹಾಕಿದೆ. ನಂ. 7 ಮಾಯ. ಪಟ್ಟಿ ಒಂದೂ ಇಲ್ಲ.' ಅದರ ಕೆಳಗೆ, ಸಣ್ಣ ಅಕ್ಷರದಲ್ಲಿ: 'ಯಾಕೋ ಖಾಲಿ.'

ಮರುದಿನದ ಹಾಳೆ: 'ಪರದೆಯಲ್ಲಿ ಕಾಣುವುದಿಲ್ಲ. ಆದರೂ 9.10ಕ್ಕೆ ಕಿವಿ ತಾನಾಗಿ ಕೆಳಕ್ಕೆ ಹೋಗುತ್ತದೆ.' ನಂತರ ಅವಳು ಅಂದು ಕಂಡ ಆ ಸಾಲುಗಳು. ಸೋಮವಾರದ 'ಏನಾಯಿತೋ?' ಆದ ಮೇಲೆ, ಅವಳು ಅಂದು ನೋಡದೆ ಹೋಗಿದ್ದ ಇನ್ನೊಂದು ಸಾಲು:

'ಇನ್ನು ಇದನ್ನು ಬರೆಯಬಾರದು. ಇದು ಗಲಾಟೆಯ ಟಿಪ್ಪಣಿ ಅಲ್ಲ. ಅವರಿಗೆ ಹೇಳದೆ ಬರೆಯುವುದು ಸರಿಯಲ್ಲ. ನಿಲ್ಲಿಸಿದೆ.'

ತಾರೀಖು ನೋಡಿದಳು. ಅವಳು ಕನ್ನಡಕ ಹಿಡಿದು ಮೇಲೆ ಹೋಗುವುದಕ್ಕೆ ಎಂಟು ದಿನ ಮೊದಲು!

ಯಾರೂ ಹಿಡಿಯುವ ಮೊದಲೇ, ತನ್ನಷ್ಟಕ್ಕೆ ತಾನೇ ನಿಲ್ಲಿಸಿದ್ದ. ಬಾಗಿಲ ಹಿಂದೆ ಬರೆಯುತ್ತಿದ್ದವನು ಒಂದು ದಿನವೂ ಹಾಗೆ ನಿಲ್ಲಿಸಿರಲಿಲ್ಲ...

ಅಕ್ಷರಗಳು ಮಸುಕಾದವು. ಸೆರಗಿನಿಂದ ಕಣ್ಣೊತ್ತಿಕೊಂಡು ಕೊನೆಯ ಹಾಳೆಗೆ ಬಂದಳು.

'ನಂ. 8 – ಜುಂಯ್. ಎಲ್ಲಿಂದ?' ಕೆಳಗೆ ಹದಿನಾಲ್ಕು ಮನೆಗಳ ಪಟ್ಟಿ. ಎಲ್ಲವನ್ನೂ ಹೊಡೆದುಹಾಕಿತ್ತು. 'ನಾನು ಕೇಳಲು ಕೂತಾಗಲೆಲ್ಲ ಇರುತ್ತದೆ. ಮಂಗಳವಾರ ಕರೆಂಟು ಹೋದಾಗ ಹತ್ತು ನಿಮಿಷ ಸಂಪೂರ್ಣ ಶುಭ್ರ. ಬಂದ ಕೂಡಲೇ ಮತ್ತೆ ಶುರು.'

ಅವಳು ಆ ಸಾಲನ್ನು ಬೆರಳಿಟ್ಟು ಎರಡು ಸಲ ಓದಿದಳು. ಅಳತೆ ತಪ್ಪಿದ ಅಂಗಿಯ ತಪ್ಪು ಹುಡುಕುವಾಗ ಅವಳು ಕಾಣದ್ದನ್ನು ನೋಡುತ್ತಿದ್ದಳು. ಇಲ್ಲಿ ಯಾವುದು ಕಾಣುತ್ತಿಲ್ಲ?

ಹದಿನಾಲ್ಕು ಮನೆ. ಆದರೆ ಬೀದಿಯಲ್ಲಿರುವುದು ಹದಿನೈದು!

ಗಡಿಯಾರ ನೋಡಿದಳು. ಐದು ಐವತ್ತು.

"ದೊಡ್ಡಮ್ಮಾ, ನಾನು ಮೇಲೆ ಹೋಗ್ಬರ್ತೀನಿ!"

"ಟೀ?"

"ನೀವೇ ಮಾಡ್ಕೊಳ್ಳಿ!"

ದೊಡ್ಡಮ್ಮ ಸರಿಯಾದ ಕನ್ನಡಕವನ್ನು ಏರಿಸಿಕೊಂಡು, ಓಡುತ್ತಿದ್ದವಳ ಕಾಲು ನೋಡಿದರು. ಒಂದೇ ಚಪ್ಪಲಿ!

* * *

ಅವನು ಹೆಡ್‌ಫೋನು ಹಾಕಿಕೊಂಡು ಮೇಜಿನ ಮುಂದೆ ಕೂತಿದ್ದ. ಪರದೆಯ ತುಂಬ ಬೇಲಿಯಂತೆ ಸಾಲುಗೆರೆಗಳು. ನಿಲಯದ ಎಳೆ ಅದರ ಹಿಂದೆ ಎಲ್ಲೋ ಇತ್ತು. ಅವನ ಮುಖದಲ್ಲಿ ಆಸೆಯೇ ಇರಲಿಲ್ಲ.

"ನಿಮ್ಮ ಮನೆ ಎಲ್ಲಿ?" ಏದುಸಿರಿನಲ್ಲಿ ಕೇಳಿದಳು.

ಅವನು ಗಾಬರಿಯಿಂದ ಎದ್ದ. "ಅಂದ್ರೆ?"

"ಪಟ್ಟೀಲಿ! ಬೀದಿಯ ಚರಂಡಿ ಕೂಡ ಬಿಟ್ಟಿಲ್ಲ ನೀವು. ನಿಮ್ಮ ಮನೆ ನೋಡಿದ್ರಾ? ಕರೆಂಟು ಹೋದಾಗ ಶುಭ್ರ ಇತ್ತಲ್ಲ, ಆಗ ಇದು ಯಾವುದರಲ್ಲಿ ಓಡ್ತಿತ್ತು?"

"ಬ್ಯಾಟರೀಲಿ..." ಎಂದವನ ಬಾಯಿ ಹಾಗೇ ತೆರೆದುಕೊಂಡಿತು.

ಇಬ್ಬರ ಕಣ್ಣೂ ಒಟ್ಟಿಗೇ ಗೋಡೆಯ ಕಡೆ ತಿರುಗಿದವು. ಅಲ್ಲಿ ಲ್ಯಾಪ್‌ಟಾಪಿನ ಚಾರ್ಜರು, ಹಸಿರು ದೀಪ ಉರಿಸಿಕೊಂಡು ಏನೂ ಅರಿಯದ ಪಾಪದಂತೆ ನೇತಾಡುತ್ತಿತ್ತು.

ಅವನು ಹೋಗಿ ಕಿತ್ತ.

ಪರದೆಯ ಬೇಲಿ ಬೇರುಸಹಿತ ಮಾಯವಾಯಿತು! ಕಡುನೀಲಿಯ ನಡುವೆ ಒಂದೇ ಒಂದು ಹಳದಿ ಎಳೆ, ಹೊಸ ದಾರದಂತೆ ಹೊಳೆಯಿತು.

"ನಾನೇ!" ಅವನು ತಲೆಗೆ ಕೈಯಿಟ್ಟುಕೊಂಡ. "ಊರೆಲ್ಲ ಅಲೆದೆ... ಎಂಟನೇ ನಂಬರು ನಾನೇ!" ಮರುಕ್ಷಣ ಮುಖ ಕಪ್ಪಿಟ್ಟಿತು. "ಆದ್ರೆ ಬ್ಯಾಟರಿ ಹಳೇದು. ಹದಿನೈದು ನಿಮಿಷ ಬಂದ್ರೆ ಹೆಚ್ಚು. ಅದಕ್ಕೇ ನಾನು ಪ್ಲಗ್ ತೆಗೀತಾನೇ ಇರ್ಲಿಲ್ಲ. ಕಾರ್ಯಕ್ರಮ ಅರ್ಧ ಗಂಟೆ..."

"ನಿಮಗೆ ಪೂರ್ತಿ ಬೇಕಾ, ಕೊನೆ ಬೇಕಾ?"

"ಕೊನೆ."

"ಹಾಗಾದ್ರೆ ಮತ್ತೆ ಸಿಕ್ಕಿಸಿ. ಆರು ಇಪ್ಪತ್ತರವರೆಗೆ ಗಲಾಟೇಲೇ ಕೇಳೋಣ. ಬಟ್ಟೆ ಕಮ್ಮಿ ಇದ್ದಾಗ ಕಾಣೋ ಕಡೆಗೆ ಮೊದಲು ಉಳಿಸ್ಕೋಬೇಕು."

ಅವನು ಅವಳನ್ನೇ ನೋಡಿದ. ಹೇಳಿದಂತೆ ಮಾಡಿದ.

ಆರಾಯಿತು. ಜುಂಯ್ ಮೊರೆತದ ಹಿಂದೆ ಹೆಣ್ಣುದನಿಯೊಂದು ನೀರಿನಡಿಯಿಂದ ಬಂದಂತೆ ಏನೋ ಹೇಳುತ್ತಿತ್ತು. ಆರೂ ಇಪ್ಪತ್ತು. ಅವನು ಪ್ಲಗ್ ಕಿತ್ತ. ಪರದೆಯ ಬೆಳಕು ತಗ್ಗಿಸಿದ. ಹೆಡ್‌ಫೋನಿನ ಒಂದು ಕಿವಿ ಅವನಿಗೆ, ಒಂದು ಅವಳಿಗೆ.

ಆ ದನಿ ಈಗ ಪಕ್ಕದ ಕೋಣೆಯಲ್ಲೇ ಇತ್ತು. ಮಾತು ಒಂದೂ ತಿಳಿಯದು. ಆದರೆ ಬೀಳ್ಕೊಡುವವರ ಮಾತೆಂದು ತಿಳಿಯಲು ಭಾಷೆ ಬೇಕಿರಲಿಲ್ಲ.

ಬ್ಯಾಟರಿ ಶೇಕಡಾ ಹದಿನಾಲ್ಕು... ಒಂಬತ್ತು... ಆರು...

"ಉಳಿಯುತ್ತಾ?" ಪಿಸುಗುಟ್ಟಿದಳು.

"ಗೊತ್ತಿಲ್ಲ..."

ಮಾತು ನಿಂತಿತು. ಒಂದು ಗಳಿಗೆ ಮೌನ. ಆಮೇಲೆ ಒಂದು ಪುಟ್ಟ ರಾಗ, ಬಿಸಿಲಲ್ಲಿ ಹಾರುವ ನೂಲಿನಂತೆ.

"ಕೊಳಲು," ಎಂದ ಅವನು. ಕಣ್ಣು ತುಂಬಿತ್ತು. "ಅಮ್ಮಾ, ಕೊಳಲೇ..."

"ಶ್! ಅಲ್ಲ!" ಅವಳು ಅವನ ಕೈ ಹಿಡಿದುಕೊಂಡಳು. "ಸರಿಯಾಗಿ ಕೇಳಿ! ರಾಗದ ನಡುವೆ... ಉಸಿರು ಎಳ್ಕೋತಿದಾಳೆ. ತುಟಿ ಒದ್ದೆ ಮಾಡ್ಕೊಂಡ್ಲು. ಇದು ಕೊಳಲಲ್ಲ ಕಣ್ರೀ... ಶಿಳ್ಳೆ! ಆ ಅಕ್ಕ ಶಿಳ್ಳೆ ಹಾಕ್ತಿದಾಳೆ!"

ಅವನು ಉಸಿರು ಬಿಗಿಹಿಡಿದ. ಹೌದು! ರಾಗದ ಕೊನೆಗೆ ಆ ಹೆಂಗಸು ನಕ್ಕದ್ದೂ ಕೇಳಿಸಿತು. ಬಹಳ ಸಣ್ಣಗೆ, ಅಳುವಿನ ಹತ್ತಿರದ ನಗು.

ಪರದೆ ಕಪ್ಪಾಯಿತು. ಬ್ಯಾಟರಿ ಮುಗಿದಿತ್ತು.

ಹಿಡಿದ ಕೈ ಇಬ್ಬರೂ ಬಿಡಲಿಲ್ಲ.

"ದಿನಾ ಇದು ಮುಗಿದಾಗ ಅಮ್ಮ ರೇಡಿಯೋಗೆ ಉತ್ತರ ಕೊಡ್ತಿದ್ಲು," ಎಂದ ಅವನು. "'ಆಯ್ತು, ನಾಳೆ ಬರ್ತೀನಿ' ಅಂತ. ಇವತ್ತು ಹಾಗೆ ಹೇಳೋಕೆ ನಾಳೆ ಇಲ್ಲ."

ಅವಳು ಇನ್ನೊಂದು ಕೈಯಿಂದ ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟಳು.

"ನಿಮ್ಮ ಹತ್ರ ಒಂದು ಮಾತು... ಮೊದಲು ಬರೆದದ್ದು ಗಲಾಟೆ ಹುಡುಕೋಕೆ. ಸತ್ಯ. ಆದ್ರೆ ಉಂಗುರ ಹಾಕಿದ್ಮೇಲೆ ಬರೆದದ್ದು ಅದಕ್ಕಲ್ಲ. ವರ್ಷಗಟ್ಟಲೆ ಪಟ್ಟಿ ಇಲ್ಲದ ಪರದೆ ಬೇಕು ಅಂತಿದ್ದವನು ನಾನು. ಅದು ಸಿಕ್ಕ ದಿನ, ನಿಮ್ಮ ಪಟ್ಟಿಗಳಿಲ್ಲದೆ ಅದನ್ನ ನೋಡೋಕೇ ಆಗ್ಲಿಲ್ಲ. ನಂಗೆ ನೀವು ಅಂದ್ರೆ... ಇಷ್ಟ. ಅದನ್ನ ನಿಮ್ಮ ಎದುರಿಗೆ ಹೇಳ್ಬೇಕಿತ್ತು. ಪುಸ್ತಕಕ್ಕೆ ಹೇಳಿದೆ. ಅದು ತಪ್ಪು."

ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ನೋಟುಪುಸ್ತಕವನ್ನು ಎಳೆದು ಮೇಜಿನ ಮೇಲಿಟ್ಟು, ಅವನ ಪೆನ್ನನ್ನು ಕೈಗೆತ್ತಿಕೊಂಡಳು.

"ಇನ್ನು ಮೇಲೆ ಇದನ್ನ ನಾನು ಬರೀತೀನಿ," ಎಂದಳು. "ನೀವು ಓದ್ಬಹುದು."

ಕೊನೆಯ ಖಾಲಿ ಹಾಳೆಯಲ್ಲಿ, ಸಮವಸ್ತ್ರದ ಅಳತೆ ಗುರುತಿಸುವ ಅದೇ ನಿಧಾನದ ಅಕ್ಷರದಲ್ಲಿ ಬರೆದಳು.

'ಸಂಜೆ 5.52 – ನಂ. 7 ತಾನಾಗಿ ಮೇಲೆ ಬಂದಳು. 6.40 – ಇನ್ನೂ ಹೋಗಿಲ್ಲ.'

ಅವನು ಓದಿದ. ಮತ್ತೊಮ್ಮೆ ಓದಿದ. ಕನ್ನಡಕ ತೆಗೆದು ಒರೆಸಿಕೊಂಡ, ಮಂಜು ಕವಿದದ್ದು ಗಾಜಿಗಲ್ಲವಾದರೂ.

ಕೆಳಗಿನಿಂದ ದೊಡ್ಡಮ್ಮನ ಕೂಗು. "ಕೂಸೇ! ಟೀ ನಾನೇ ಮಾಡಿದೀನಿ! ಮೂರು ಲೋಟ!"

ಬಾಗಿಲ ಬಳಿ ಅವಳು ತಿರುಗಿದಳು. "ಕೆಳಗೆ ಬನ್ನಿ, ಟೀ ಆರುತ್ತೆ. ಇಲ್ಲಿಗೆ..." ಎಂದು ಮೇಜಿನ ಕಡೆ, ಗೋಡೆಯ ಹಾಳೆಯ ಕಡೆ ನೋಡಿ ನಕ್ಕಳು. "ಆಯ್ತು, ನಾಳೆ ಬರ್ತೀನಿ."

* * *

ಮರುದಿನ ಬೆಳಿಗ್ಗೆ ಚೌಕಟ್ಟಿನಿಂದ ಹಾಳೆ ಹೊರಬಂತು. 'ಕೊನೆಯಲ್ಲಿ ನುಡಿಸುವ ವಾದ್ಯ:' ಎಂಬಲ್ಲಿ ಅವನು ಬರೆದ: 'ವಾದ್ಯವಲ್ಲ. ನಿಮ್ಮ ಶಿಳ್ಳೆ. ಉಸಿರೂ ಕೇಳಿಸಿತು. ಸ್ಪಷ್ಟತೆ: ಐದಕ್ಕೆ ಐದು.' ತಡವಾದದ್ದು ಯಾಕೆಂದು ಇನ್ನೊಂದು ಹಾಳೆಯಲ್ಲಿ, ಆ ನಿಲಯದವರಿಗೂ ತಿಳಿಯುವ ಭಾಷೆಯಲ್ಲಿ.

'ಕೇಳಿದವರು: ನಾನು ಮತ್ತು ನನ್ನ ತಾಯಿ' ಎಂಬ ಎಳೆ ಅಕ್ಷರದ ಸಾಲಿನ ಮುಂದೆ ಅವನು ಪೆನ್ನು ಹಿಡಿದು ತಡೆದ. ಅವಳ ಕಡೆ ನೋಡಿದ.

"ಬರೀಲಾ?"

"ಕೇಳಿದೀನಲ್ಲ, ಬರೀರಿ. ಸುಳ್ಳೇನಲ್ಲ."

ಅವನು ಅವಳ ಹೆಸರು ಬರೆದ.

ಅಂಚೆ ಕಚೇರಿಯ ಗೋಡೆಗೆ ಕೆಂಪು ಡಬ್ಬ. ಲಕೋಟೆಯ ಅರ್ಧ ಡಬ್ಬದ ಬಾಯಿಯೊಳಗೆ, ಅರ್ಧ ಅವನ ಬೆರಳಲ್ಲಿ. ಇಪ್ಪತ್ತೇಳು ವರ್ಷ ಹಿಡಿದುಕೊಂಡದ್ದನ್ನು ಬಿಡಲು ಕೈ ಒಪ್ಪಲಿಲ್ಲ.

"ಕಾರ್ಡು ಬರೋಕೆ ಎರಡು ತಿಂಗಳಾಗ್ಬಹುದು," ಎಂದ. "ನಮ್ಮ ವಿಳಾಸ ಏನು ಬರೆದಿದೀನಿ ಗೊತ್ತಾ? ಮೇಲಿನ ಮನೆ ಅಂತಾನೂ ಇಲ್ಲ, ಕೆಳಗಿನ ಮನೆ ಅಂತಾನೂ ಇಲ್ಲ. ಬರೀ ಮನೆ ನಂಬರು."

"ಎರಡು ತಿಂಗಳಲ್ಲಿ ಎಲ್ಲಿರ್ತೀವೋ ಅಂತ ಅನುಮಾನಾನಾ?"

"ಅನುಮಾನ ಅಲ್ಲ... ಆಸೆ."

ಅವಳ ಮುಖ ಕೆಂಪೇರಿತು. ಆದರೂ ಕಣ್ಣು ತಗ್ಗಿಸಲಿಲ್ಲ.

"ಹಾಗಾದ್ರೆ ಇನ್ನೊಂದು ಉಂಗುರ ಬೇಕಾಗುತ್ತೆ ತಂತಿ ಸಾಹೇಬ್ರೇ. ಈ ಸಲ ವೈರಿಗಲ್ಲ."

ಅವನ ಮುಖವೆಲ್ಲ ನಗುವಾಯಿತು. ಅವಳು ಮೆಲ್ಲಗೆ ಅವನ ಬೆರಳುಗಳ ಮೇಲೆ ತನ್ನ ಬೆರಳಿಟ್ಟಳು.

"ಬಿಡಿ," ಎಂದಳು. "ಅಮ್ಮ ಕಾಯ್ತಿದಾರೆ."

ಇಬ್ಬರೂ ಒಟ್ಟಿಗೇ ಬಿಟ್ಟರು. ಲಕೋಟೆ ಜಾರಿ, ಡಬ್ಬದ ತಳದಲ್ಲಿ ಬೇರೆ ಪತ್ರಗಳ ಮೇಲೆ ಹಗುರಾಗಿ ಬಿದ್ದ ಸದ್ದು ಇಬ್ಬರಿಗೂ ಸ್ಪಷ್ಟವಾಗಿ ಕೇಳಿಸಿತು.